ಲಾಲ್‌ಬಾಗ್ ಬಂಡೆ ಹುಟ್ಟಿದಾಗ ಜೀವ ಇತ್ತಾ? ಕಲ್ಲಿಗೂ ಜೀವಕ್ಕೂ ಇರುವ ನಂಟಿನ ಬಗ್ಗೆ

ಗವಿಪುರದ ನಿವಾಸಿ

ಎಲ್ಲರಿಗೂ ನಮಸ್ಕಾರ. ಲಾಲ್‌ಬಾಗ್‌ನಲ್ಲಿ ಕೆಂಪೇಗೌಡರ ಗೋಪುರ ಇರುವ ಬಂಡೆ ಬೆಂಗಳೂರಿನವರಿಗೆಲ್ಲ ಗೊತ್ತು. ಭೂವೈಜ್ಞಾನಿಕ ಸರ್ವೇಕ್ಷಣಾ ಇಲಾಖೆ ಅದನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ ಅಂತ ಘೋಷಿಸಿದೆ. ವಯಸ್ಸು ಸುಮಾರು 300 ಕೋಟಿ ವರ್ಷ. ಇನ್ನೊಂದು ಕಡೆ, ಪಶ್ಚಿಮ ಆಸ್ಟ್ರೇಲಿಯಾದ ಪಿಲ್ಬರಾದಲ್ಲಿ ಸುಮಾರು 348 ಕೋಟಿ ವರ್ಷದ ಕಲ್ಲುಗಳಲ್ಲೇ ಸೂಕ್ಷ್ಮಜೀವಿಗಳ ಗುರುತು ಸಿಕ್ಕಿದೆ ಅಂತ ಓದಿದೆ. ಹಾಗಾದರೆ ನಮ್ಮ ಬಂಡೆ ಹುಟ್ಟುವ ಹೊತ್ತಿಗೆ ಭೂಮಿಯಲ್ಲಿ ಜೀವ ಇತ್ತು.

ನನ್ನ ಪ್ರಶ್ನೆ ಎರಡು. ಈ ಬಂಡೆಯಲ್ಲಿ ಆ ಕಾಲದ ಜೀವದ ಗುರುತು ಏನಾದರೂ ಇದೆಯಾ? ಎರಡನೆಯದು ಸ್ವಲ್ಪ ದೊಡ್ಡದು. ಆಗಿನ ಕಲ್ಲು, ಲಾವಾ, ಸಮುದ್ರ ಇವೆಲ್ಲ ಜೀವಕ್ಕೆ ಬರೀ ಇರೋ ಜಾಗ ಆಗಿದ್ದವಾ, ಇಲ್ಲಾ ಜೀವ ಈ ದಾರಿಯಲ್ಲೇ ಬೆಳೆಯೋದಕ್ಕೆ ಅವೇ ಕಾರಣನಾ? ತಿಳಿದವರು ದಯವಿಟ್ಟು ಬಿಡಿಸಿ ಬರೆಯಿರಿ.

ಶಿಲಾಶೋಧ

ಒಳ್ಳೇ ಪ್ರಶ್ನೆ ಸರ್. ಮೊದಲನೆಯದಕ್ಕೆ ಉತ್ತರ ಚಿಕ್ಕದು. ಲಾಲ್‌ಬಾಗ್ ಬಂಡೆಯಲ್ಲಿ ಜೀವದ ಗುರುತು ಇಲ್ಲ, ಇರೋದಕ್ಕೆ ಸಾಧ್ಯವೂ ಇಲ್ಲ. ಅದು ಪೆನಿನ್ಸುಲಾರ್ ನೈಸ್. ಮೈಸೂರು ಭೂವಿಜ್ಞಾನ ಇಲಾಖೆಯ ಡಬ್ಲ್ಯೂ. ಎಫ್. ಸ್ಮೀತ್ 1916ರಲ್ಲಿ ಇಟ್ಟ ಹೆಸರು. ನೆಲದಡಿ ಕಿಲೋಮೀಟರುಗಟ್ಟಲೆ ಆಳದಲ್ಲಿ ಕರಗಿದ ಶಿಲಾರಸ ಗಟ್ಟಿಯಾಗಿ, ಮತ್ತೆ ಕಾವಿಗೂ ಒತ್ತಡಕ್ಕೂ ಸಿಕ್ಕಿ ರೂಪ ಬದಲಿಸಿಕೊಂಡ ಕಲ್ಲು ಅದು. ಅಲ್ಲಿ ಯಾವ ಜೀವಿಯೂ ಉಳಿಯಲ್ಲ.

ಮುಂದಿನ ಸಲ ಹೋದಾಗ ಗೋಪುರದ ಕಡೆ ಹತ್ತುವ ಮುಂಚೆ ಒಂದು ಕಡೆ ಕುಕ್ಕರಗಾಲಲ್ಲಿ ಕೂತು ಬಂಡೆ ನೋಡಿ. ಬೆರಳಗಲದ ಬಿಳಿ ಪಟ್ಟೆ, ಅದರ ಪಕ್ಕಕ್ಕೇ ಕಪ್ಪು ಪಟ್ಟೆ. ಬಿಳಿ ಭಾಗದಲ್ಲಿರೋದು ಬೆಣಚು ಮತ್ತು ಫೆಲ್ಡ್‌ಸ್ಪಾರ್. ಕಪ್ಪು ಭಾಗದಲ್ಲಿ ಬಿಸಿಲಿಗೆ ಮಿಣುಕೋದು ಬಯೊಟೈಟ್, ಅಂದರೆ ಕಪ್ಪು ಕಾಗೆಬಂಗಾರ. ಕೆಲವು ಕಡೆ ಪಟ್ಟೆಗಳು ನೇರ ಹೋಗದೆ ಬಳುಕಿ, ತಮ್ಮ ಮೇಲೆ ತಾವೇ ಮಡಚಿಕೊಂಡಿವೆ. ಗಟ್ಟಿ ಕಲ್ಲು ಹೀಗೆ ಮಡಚಿಕೊಳ್ಳಬೇಕಾದರೆ ಆಗ ಅದು ಎಷ್ಟು ಕಾದು ಮೆತ್ತಗಾಗಿತ್ತು ಅಂತ ಅಲ್ಲೇ ಗೊತ್ತಾಗುತ್ತೆ.

ನಿಮ್ಮ ಎರಡನೇ ಪ್ರಶ್ನೆಗೆ ಮಾತ್ರ ಇದೇ ಬಂಡೆ ಒಳ್ಳೇ ಸಾಕ್ಷಿ. ಭೂಮಿಯ ಮ್ಯಾಂಟಲ್, ಅಂದರೆ ಹೊರಚಿಪ್ಪಿನ ಕೆಳಗಿರುವ ದಪ್ಪ ಕಲ್ಲಿನ ಪದರ, ಕರಗಿದರೆ ಬರೋದು ಬಸಾಲ್ಟ್. ಕಪ್ಪು, ಭಾರದ ಕಲ್ಲು. ಮಂಗಳ, ಶುಕ್ರ ಗ್ರಹಗಳ ಮೇಲ್ಮೈ ಬಹುಪಾಲು ಇದೇ. ಆದರೆ ಸಮುದ್ರದ ನೀರು ಕುಡಿದ ಬಸಾಲ್ಟ್ ಆಳಕ್ಕೆ ಇಳಿದು ಅರೆಬರೆ ಕರಗಿದಾಗ ಸಿಲಿಕಾ ಹೆಚ್ಚಿರುವ ಹಗುರ ಶಿಲಾರಸ ಹೊರಬರುತ್ತೆ. ನಮ್ಮ ನೈಸ್ ಹುಟ್ಟಿದ್ದು ಆ ಜಾತಿಯ ಶಿಲಾರಸದಿಂದ. ನೀರಿಲ್ಲದ ಗ್ರಹದಲ್ಲಿ ಇಂಥ ಕಲ್ಲು ಇಷ್ಟು ದೊಡ್ಡ ಪ್ರಮಾಣದಲ್ಲಿ ಆಗಲ್ಲ. ಹಗುರವಾಗಿರೋದರಿಂದ ಇದು ಮ್ಯಾಂಟಲ್ ಮೇಲೆ ಎತ್ತರಕ್ಕೆ ನಿಲ್ಲುತ್ತೆ. ಖಂಡ ಅಂತ ನಾವು ಕರೆಯೋದು ಇದನ್ನೇ.

ಖಂಡ ಎದ್ದರೆ ಅದರ ಅಂಚಿಗೆ ಆಳ ಕಡಿಮೆಯ ಸಮುದ್ರ ಬರುತ್ತೆ. ಅಲ್ಲಿ ತಳದವರೆಗೂ ಬೆಳಕು ಬೀಳುತ್ತೆ. ಮೇಲಿನ ಕಲ್ಲು ಮಳೆಗೆ ಸವೆದು ರಂಜಕ ನೀರಿಗೆ ಸೇರುತ್ತೆ. ಡಿಎನ್‌ಎಗೂ ಜೀವಕೋಶದ ಪೊರೆಗೂ ರಂಜಕ ಬೇಕೇ ಬೇಕು, ಅದರ ಮುಖ್ಯ ಮೂಲ ಕಲ್ಲಿನಲ್ಲಿರುವ ಅಪಟೈಟ್ ಖನಿಜ. ನಮ್ಮಲ್ಲೇ ನೋಡಿ. ಚಿತ್ರದುರ್ಗ, ಶಿವಮೊಗ್ಗ ಕಡೆಯ ಶಿಸ್ಟ್ ಪಟ್ಟಿಗಳಲ್ಲಿ (ಹಳೇ ಲಾವಾ, ಕೆಸರು ರೂಪ ಬದಲಿಸಿ ಆದ ಪದರುಗಲ್ಲಿನ ಪಟ್ಟಿಗಳು) ಈ ಹಳೇ ನೈಸ್ ಮೇಲೆಯೇ ಹಾಸಿಕೊಂಡ ಸುಣ್ಣದಕಲ್ಲಿನ ಪದರಗಳಿವೆ. ಅದರಲ್ಲಿ ಸ್ಟ್ರೊಮಾಟೊಲೈಟ್‌ಗಳು ಸಿಗುತ್ತವೆ. ಅಡ್ಡಕ್ಕೆ ಕೊಯ್ದ ಎಲೆಕೋಸಿನ ಹಾಗೆ ಪದರದ ಮೇಲೆ ಪದರ, ನಡುವೆ ಉಬ್ಬು. ಸೂಕ್ಷ್ಮಜೀವಿಗಳ ಲೋಳೆಹಾಸಿನ ಮೇಲೆ ಸುಣ್ಣ ಮತ್ತು ಕೆಸರು ಕೂತು ಆದದ್ದು. ವಯಸ್ಸು 250 ಕೋಟಿ ವರ್ಷಕ್ಕಿಂತ ಹೆಚ್ಚು. ಹಾಗಾಗಿ ಲಾಲ್‌ಬಾಗ್ ಬಂಡೆಯೊಳಗೆ ಜೀವ ಹುಡುಕಬೇಡಿ ಸರ್. ಆ ಜಾತಿಯ ಬಂಡೆ ಎದ್ದು ನಿಂತದ್ದಕ್ಕೇ ಬೆಳಕಿನ ಜೀವಕ್ಕೆ ನೆಲೆ ಸಿಕ್ಕಿತು.

ಹೆಬ್ಬಾಳದ ಹುಡುಗಿ

ನಾನು ಜೀವರಸಾಯನ ಓದುತ್ತಿರುವವಳು. ಶಿಲಾಶೋಧ ಸರ್ ಹೇಳಿದ್ದು ಜೀವ ಹುಟ್ಟಿದ ಮೇಲಿನ ಕಥೆ. ಅದಕ್ಕೂ ಹಿಂದೆ ಹೋದರೆ ಕಲ್ಲಿನ ಪಾತ್ರ ಇನ್ನೂ ದೊಡ್ಡದು ಅನ್ನೋದು ನನ್ನ ಅಭಿಪ್ರಾಯ.

1977ರಲ್ಲಿ ಗಲಾಪಗೋಸ್ ಹತ್ತಿರ ಸಮುದ್ರದ ತಳದಲ್ಲಿ ಬಿಸಿನೀರಿನ ಬುಗ್ಗೆಗಳು ಮೊದಲ ಸಲ ಕಂಡವು. ಬೆಳಕೇ ಇಲ್ಲದ ಕಡೆ ತುಂಬಿ ತುಳುಕುವ ಜೀವ. ಆಮೇಲೆ 2000ದಲ್ಲಿ ಅಟ್ಲಾಂಟಿಕ್ ತಳದಲ್ಲಿ ಲಾಸ್ಟ್ ಸಿಟಿ ಅನ್ನುವ ಇನ್ನೊಂದು ಬಗೆಯ ಬುಗ್ಗೆ ಸಿಕ್ಕಿತು. ಅಲ್ಲಿ ನೀರಿನ ಬಿಸಿ 100 ಡಿಗ್ರಿಗಿಂತ ಕಡಿಮೆ, ಕ್ಷಾರ ಗುಣ ಹೆಚ್ಚು, ಹೈಡ್ರೋಜನ್ ಯಥೇಚ್ಛ. ಈ ಹೈಡ್ರೋಜನ್ ಎಲ್ಲಿಂದ? ಮ್ಯಾಂಟಲ್‌ನ ಆಲಿವೀನ್ ಖನಿಜಕ್ಕೆ ನೀರು ತಗುಲಿದಾಗ ಅದು ಸರ್ಪೆಂಟೀನ್ ಆಗುತ್ತೆ. ಅದರೊಳಗಿನ ಕಬ್ಬಿಣ ನೀರಿನಿಂದ ಆಮ್ಲಜನಕ ಕಿತ್ತುಕೊಂಡು ಮ್ಯಾಗ್ನೆಟೈಟ್ ಆಗುತ್ತೆ, ಹೈಡ್ರೋಜನ್ ಹೊರಗೆ ಬರುತ್ತೆ. ಬೇರೆ ಏನೂ ಬೇಡ, ಕಲ್ಲು ಮತ್ತು ನೀರು ಸಾಕು.

ಈಗ ನಮ್ಮ ಜೀವಕೋಶ ನೋಡಿ. ಪೊರೆಯ ಒಂದು ಪಕ್ಕ ಪ್ರೋಟಾನ್ ಹೆಚ್ಚು, ಇನ್ನೊಂದು ಪಕ್ಕ ಕಡಿಮೆ. ಆ ವ್ಯತ್ಯಾಸದಿಂದಲೇ ಎಟಿಪಿ, ಅಂದರೆ ಜೀವಕೋಶಕ್ಕೆ ಶಕ್ತಿ ಒದಗಿಸುವ ಅಣು, ತಯಾರಾಗುತ್ತೆ. ಇದನ್ನು ತೋರಿಸಿಕೊಟ್ಟ ಪೀಟರ್ ಮಿಚೆಲ್‌ಗೆ 1978ರಲ್ಲಿ ನೊಬೆಲ್ ಬಂತು. ಬ್ಯಾಕ್ಟೀರಿಯಾದಿಂದ ಮನುಷ್ಯನವರೆಗೆ ಎಲ್ಲರಲ್ಲೂ ಇದೇ ಏರ್ಪಾಡು. ಕ್ಷಾರದ ಬುಗ್ಗೆ ಸ್ವಲ್ಪ ಆಮ್ಲ ಗುಣದ ಹಳೇ ಸಮುದ್ರಕ್ಕೆ ಸೇರುವ ಕಡೆ, ತೆಳು ಖನಿಜದ ಗೋಡೆಯ ಆಚೆ ಈಚೆ ಈ ವ್ಯತ್ಯಾಸ ತಾನಾಗಿಯೇ ಇತ್ತು. ಭೂವಿಜ್ಞಾನಿ ಮೈಕೆಲ್ ರಸೆಲ್ ವಾದ ಇದೇ. ಜೊತೆಗೆ ಇನ್ನೊಂದು: ನಮ್ಮ ಉಸಿರಾಟದ ಕಿಣ್ವಗಳ ನಡುವೆ ಕೂತಿರೋದು ಕಬ್ಬಿಣ ಮತ್ತು ಗಂಧಕದ ಪುಟ್ಟ ಗೊಂಚಲು. ಆಗಿನ ಬುಗ್ಗೆಗಳ ಗೋಡೆಯಲ್ಲಿ ಇದ್ದಿರಬೇಕಾದ್ದೂ ಕಬ್ಬಿಣದ ಸಲ್ಫೈಡ್. ಇದು ಕಾಕತಾಳೀಯ ಅಂತ ನನಗನಿಸಲ್ಲ. ಆಗಿನ ಸಮುದ್ರದಲ್ಲಿ ಕಬ್ಬಿಣ ಕರಗಿಕೊಂಡು ಧಾರಾಳವಾಗಿ ಇತ್ತು, ಜೀವ ಕೈಗೆ ಸಿಕ್ಕಿದ್ದನ್ನು ಬಳಸಿಕೊಂಡಿತು.

ಶಿಲಾಶೋಧ

ಸರ್ಪೆಂಟೀನ್ ನೋಡಬೇಕು ಅನ್ನುವವರಿಗೆ: ಹಾಸನ ಜಿಲ್ಲೆಯ ನುಗ್ಗೇಹಳ್ಳಿ ಪಟ್ಟಿಯಲ್ಲಿ, ಕ್ರೋಮೈಟ್ ಗಣಿಗಳ ಸುತ್ತಮುತ್ತ ಇದೆ. ಹಸಿರು, ಮುಟ್ಟಿದರೆ ಜಿಡ್ಡು ಜಿಡ್ಡು ಅನಿಸುವ ಕಲ್ಲು. ಹೆಬ್ಬಾಳದ ಮೇಡಂ ಹೇಳಿದ ಆ ಪ್ರಕ್ರಿಯೆ ನಡೆದ ಗುರುತು ಅದು. ಅಲ್ಲೇ ಜೀವ ಹುಟ್ಟಿತು ಅಂತ ಯಾರೂ ಅಂದುಕೊಳ್ಳಬೇಡಿ.

ಕೆರೆಬದಿ

ಮೇಡಂ, ನಿಮ್ಮ ಮಾತಿಗೆ ಪೂರ್ತಿ ಒಪ್ಪಿಗೆ ಇಲ್ಲ. ಸಮುದ್ರದ ತಳದ ವಾದಕ್ಕೆ ಒಂದು ದೊಡ್ಡ ತೊಡಕಿದೆ. ಪ್ರೋಟೀನ್ ಆಗಲಿ ಆರ್‌ಎನ್‌ಎ ಆಗಲಿ, ಸಣ್ಣ ತುಂಡುಗಳು ಒಂದಕ್ಕೊಂದು ಸೇರಿಕೊಳ್ಳುವಾಗ ಪ್ರತಿ ಜೋಡಣೆಗೂ ಒಂದು ನೀರಿನ ಅಣು ಹೊರಹೋಗಬೇಕು. ನಾಲ್ಕೂ ಕಡೆ ನೀರೇ ಇದ್ದರೆ ಅದು ಉಲ್ಟಾ ನಡೆಯುತ್ತೆ, ಸೇರಿದ್ದೂ ಬಿಡಿಸಿಕೊಳ್ಳುತ್ತೆ. ಹಾಗಾಗಿ ಒಣಗಿ ನೆನೆದು, ಒಣಗಿ ನೆನೆದು ಆಗುವ ಜಾಗ ಬೇಕು. ಜ್ವಾಲಾಮುಖಿ ನೆಲದ ಬಿಸಿನೀರಿನ ಹೊಂಡಗಳು ಅಂಥವು. ಜೀವರಸಾಯನ ವಿಜ್ಞಾನಿ ಡೇವಿಡ್ ಡೀಮರ್ ಇದನ್ನು ಬಹಳ ವರ್ಷಗಳಿಂದ ಹೇಳುತ್ತಾ ಬಂದಿದ್ದಾರೆ. ಅಂಥ ಹೊಂಡದ ಅಂಚಿನಲ್ಲಿ ಕೊಬ್ಬಿನಂಥ ಅಣುಗಳು ತಾವಾಗಿಯೇ ಗುಳ್ಳೆಗಳಾಗಿ, ಒಳಗೆ ಉದ್ದನೆ ಸರಪಳಿಗಳನ್ನು ಹಿಡಿದಿಟ್ಟುಕೊಳ್ಳುವುದನ್ನು ಪ್ರಯೋಗದಲ್ಲಿ ತೋರಿಸಿದ್ದಾರೆ.

ಇನ್ನೊಂದು ಸುಳಿವು. ನಮ್ಮ ಜೀವಕೋಶದ ಒಳಗೆ ಪೊಟ್ಯಾಸಿಯಂ ಹೆಚ್ಚು, ಸೋಡಿಯಂ ಕಡಿಮೆ. ಸಮುದ್ರದಲ್ಲಿ ತದ್ವಿರುದ್ಧ. ನೆಲದ ಮೇಲಿನ ಹಬೆಬುಗ್ಗೆಗಳ ದ್ರವದಲ್ಲಿ ಪೊಟ್ಯಾಸಿಯಂ ಪಾಲು ಹೆಚ್ಚಿರುತ್ತೆ ಅಂತ ಮುಲ್ಕಿಜಾನಿಯನ್ ತಂಡ 2012ರಲ್ಲಿ ತೋರಿಸಿತ್ತು. ಗವಿಪುರದವರು ಹೇಳಿದ ಅದೇ ಪಿಲ್ಬರಾದ ಕಲ್ಲುಗಳಲ್ಲಿ 2017ರಲ್ಲಿ ಗೀಸರೈಟ್ ಕೂಡ ಗುರುತಿಸಿದ್ದಾರೆ. ಅದು ನೆಲದ ಮೇಲಿನ ಬಿಸಿನೀರಿನ ಬುಗ್ಗೆಯ ಬಾಯಲ್ಲಿ ಮಾತ್ರ ಆಗುವ ಸಿಲಿಕಾ ಕಲ್ಲು. ಅಂದರೆ ಅಷ್ಟು ಹಿಂದೆಯೇ ಒಣನೆಲ ಇತ್ತು, ಬುಗ್ಗೆ ಇತ್ತು, ಪಕ್ಕದಲ್ಲೇ ಜೀವ ಇತ್ತು.

ಹೆಬ್ಬಾಳದ ಹುಡುಗಿ

ನೀರಿನ ತೊಡಕು ನಿಜ ಸರ್, ಅದನ್ನು ಯಾರೂ ಅಲ್ಲಗಳೆಯಲ್ಲ. ಬುಗ್ಗೆಯ ಗೋಡೆಯ ಸಣ್ಣ ಸಣ್ಣ ತೂತುಗಳಲ್ಲಿ ಬಿಸಿ ತಣ್ಣನೆಯ ವ್ಯತ್ಯಾಸಕ್ಕೆ ಅಣುಗಳು ಒಂದು ಕಡೆ ಒತ್ತಾಗುತ್ತವೆ ಅನ್ನೋದು ನಮ್ಮ ಕಡೆಯ ಉತ್ತರ. ಆದರೆ ಗೀಸರೈಟ್ ತೋರಿಸೋದು ಜೀವ ಅಲ್ಲಿ ಬದುಕಿತ್ತು ಅಂತ. ಅಲ್ಲೇ ಹುಟ್ಟಿತು ಅಂತಲ್ಲ. ಭೂಮಿ ಹುಟ್ಟಿ ಅಷ್ಟು ಹೊತ್ತಿಗೆ ನೂರು ಕೋಟಿ ವರ್ಷ ಕಳೆದಿತ್ತು. ಹೊಂಡದ ವಾದದಲ್ಲಿ ನನಗೆ ಕಾಣುವ ಕೊರತೆ ಅಂದರೆ ಶಕ್ತಿ. ಸರಪಳಿ ಆಯಿತು ಸರಿ, ಅದನ್ನು ದಿನವೂ ನಡೆಸೋಕೆ ನಿಲ್ಲದ ಶಕ್ತಿಯ ಹರಿವು ಬೇಕಲ್ಲ? ಬುಗ್ಗೆ ಅದನ್ನು ಸಾವಿರಾರು ವರ್ಷ ನಿಲ್ಲಿಸದೆ ಕೊಡುತ್ತೆ.

ಕೆರೆಬದಿ

ಶಕ್ತಿಯ ಮಾತು ಒಪ್ಪಿದೆ. ನಮ್ಮಿಬ್ಬರ ವಾದದಲ್ಲೂ ಒಂದು ಸಮಾನ ಅಂಶ ಇದೆ ನೋಡಿ: ಬಿಸಿ ಕಲ್ಲಿನೊಳಗೆ ನೀರು ಹರಿಯಬೇಕು. ಕಲ್ಲನ್ನು ಬಿಟ್ಟು ಯಾರ ಕಥೆಯೂ ಮುಂದೆ ಹೋಗಲ್ಲ.

ಸಂಡೂರಿನವ

ಊರು ಸಂಡೂರು, ಈಗ ಇರೋದು ಯಲಹಂಕ. ನಮ್ಮ ಕಡೆ ಗುಡ್ಡ ಹತ್ತಿದರೆ ಕಬ್ಬಿಣದ ಕಲ್ಲಿನಲ್ಲಿ ಗೆರೆ ಗೆರೆ ಕಾಣುತ್ತೆ. ಕಪ್ಪು ಕಬ್ಬಿಣದ ಒಂದು ಪದರ, ಕೆಂಪು ಇಲ್ಲಾ ಬೂದಿ ಬಣ್ಣದ ಸಿಲಿಕಾ ಒಂದು ಪದರ. ಕೆಲವು ಉಗುರಿನಷ್ಟೂ ದಪ್ಪ ಇರಲ್ಲ. ಕೈಯಲ್ಲಿ ಹಿಡಿದರೆ ತೂಕ ತಕ್ಷಣ ಗೊತ್ತಾಗುತ್ತೆ. ಸಣ್ಣವನಿದ್ದಾಗ ನಮ್ಮ ಮೇಷ್ಟ್ರು ಹೇಳಿದ್ದು, ಪಾಚಿಯಂಥ ಜೀವಿಗಳು ಆಮ್ಲಜನಕ ಬಿಟ್ಟವು, ಸಮುದ್ರದಲ್ಲಿದ್ದ ಕಬ್ಬಿಣ ತುಕ್ಕು ಹಿಡಿದು ತಳಕ್ಕೆ ಕೂತಿತು, ಅದೇ ಈ ಅದಿರು ಅಂತ. ಈಗಲೂ ಅದೇ ವಿವರಣೆನಾ?

ಶಿಲಾಶೋಧ

ಅರ್ಧ ಹಾಗೇ ಇದೆ ಅಣ್ಣ, ಇನ್ನರ್ಧ ಬದಲಾಗಿದೆ. ಇಲ್ಲಿ ಸ್ವಲ್ಪ ವಿವರವಾಗಿ ಬರೆಯಬೇಕು.

ಗಾಳಿಯಲ್ಲಿ ಆಮ್ಲಜನಕ ನಿಂತಿದ್ದು ಸುಮಾರು 240 ಕೋಟಿ ವರ್ಷದಿಂದ ಈಚೆಗೆ. ಇದಕ್ಕೆ ಗಟ್ಟಿ ಆಧಾರ ಕೊಟ್ಟದ್ದು 2000ದಲ್ಲಿ ಜೇಮ್ಸ್ ಫರ್ಕುವರ್ ತಂಡ. ಹಳೇ ಕಲ್ಲುಗಳ ಗಂಧಕದ ಐಸೋಟೋಪ್‌ಗಳಲ್ಲಿ, ಅಂದರೆ ಒಂದೇ ಧಾತುವಿನ ಬೇರೆ ಬೇರೆ ತೂಕದ ಪರಮಾಣುಗಳಲ್ಲಿ, ಒಂದು ವಿಚಿತ್ರ ಗುರುತಿದೆ. ಸೂರ್ಯನ ನೇರಳಾತೀತ ಕಿರಣ ಗಾಳಿಯ ಗಂಧಕದ ಅನಿಲಕ್ಕೆ ತಡೆಯಿಲ್ಲದೆ ಬಿದ್ದಾಗ, ಗಾಳಿಯಲ್ಲಿ ಆಮ್ಲಜನಕ ಇಲ್ಲದಿದ್ದಾಗ ಮಾತ್ರ ಅದು ಉಳಿಯೋದು. 240 ಕೋಟಿ ವರ್ಷದ ಆಸುಪಾಸಿನಿಂದ ಈಚೆಯ ಕಲ್ಲುಗಳಲ್ಲಿ ಆ ಗುರುತು ಇಲ್ಲ. ನಮ್ಮ ಬಾಬಾಬುಡನ್ ಶಿಲಾಸಮೂಹದ ಬುಡದಲ್ಲಿ ಬೆಣಚಿನ ಉರುಟುಗಲ್ಲುಗಳ ಪದರ ಇದೆ. ಅದರಲ್ಲಿ ಹೊಳೆಯಲ್ಲಿ ಉರುಳಿ ಬಂದ ಪೈರೈಟ್ (ಕಬ್ಬಿಣ ಮತ್ತು ಗಂಧಕದ ಖನಿಜ) ಕಣಗಳು ಸಿಕ್ಕಿವೆ. ಈಗಿನ ಯಾವ ಹೊಳೆಯಲ್ಲೂ ಪೈರೈಟ್ ಹಾಗೆ ಬಹುಕಾಲ ಉಳಿಯಲ್ಲ, ಗಾಳಿಗೆ ತುಕ್ಕಾಗಿ ಕರಗಿಬಿಡುತ್ತೆ. ಆಗಿನ ಗಾಳಿ ಹೇಗಿತ್ತು ಅನ್ನೋದಕ್ಕೆ ಕರ್ನಾಟಕದಲ್ಲೇ ಇರುವ ಸಾಕ್ಷಿ ಇದು.

ಈಗ ತೊಡಕು ಎಲ್ಲಿ ಅಂದರೆ ಸಂಡೂರು, ಬಾಬಾಬುಡನ್, ಕುದುರೆಮುಖದ ಪಟ್ಟೆಗಬ್ಬಿಣ ಆಮ್ಲಜನಕ ಏರುವುದಕ್ಕಿಂತ ಹಳೆಯದು. ಹಾಗಾದರೆ ಕಬ್ಬಿಣ ತಳಕ್ಕೆ ಕೂತದ್ದು ಹೇಗೆ? ಒಂದು, ಆಳ ಕಡಿಮೆಯ ನೀರಿನಲ್ಲಿ ಅಲ್ಲಲ್ಲಿ ಸ್ವಲ್ಪ ಆಮ್ಲಜನಕ ಇದ್ದಿರಬಹುದು, ಗಾಳಿಗೆ ಬರೋ ಮುಂಚೆಯೇ ಕಬ್ಬಿಣ ಅದನ್ನು ನುಂಗಿರಬಹುದು. ಇನ್ನೊಂದು, 1993ರಲ್ಲಿ ಪತ್ತೆಯಾದ ಒಂದು ಬಗೆಯ ಬ್ಯಾಕ್ಟೀರಿಯಾ ಬೆಳಕಿನ ಬಲದಿಂದ ನೇರವಾಗಿ ಕಬ್ಬಿಣವನ್ನೇ ತುಕ್ಕಾಗಿಸುತ್ತವೆ. ಆಮ್ಲಜನಕದ ಹಂಗೇ ಇಲ್ಲ. ಆ ಕಾಲದಲ್ಲಿ ಅವುಗಳ ಪೂರ್ವಜರು ಇದ್ದಿರಬಹುದು. ನನ್ನ ಒಲವು ಎರಡೂ ಸೇರಿ ನಡೆದಿರಬೇಕು ಅನ್ನೋ ಕಡೆಗೆ. ಯಾವುದೇ ಆದರೂ ಆ ಗೆರೆಗಳಲ್ಲಿ ಜೀವದ ಕೈವಾಡ ಇದೆ ಅಂತ ಬಹುಪಾಲು ಭೂವಿಜ್ಞಾನಿಗಳು ನಂಬುತ್ತಾರೆ. ಗಣಿಯಿಂದ ತೆಗೆಯುವ ಶ್ರೀಮಂತ ಅದಿರು ಮಾತ್ರ ಬಹಳ ಕಾಲದ ಮೇಲೆ, ಮಳೆನೀರು ಸಿಲಿಕಾವನ್ನು ತೊಳೆದುಕೊಂಡು ಹೋಗಿ ಆದದ್ದು.

ಗವಿಪುರದ ನಿವಾಸಿ

ಹಾಗಾದರೆ ಆಮ್ಲಜನಕ ಬಿಡುವ ಜೀವಿಗಳು ಮುಂಚೆಯೇ ಇದ್ದಿದ್ದರೂ ಗಾಳಿಯಲ್ಲಿ ಅದು ನಿಲ್ಲೋಕೆ ಅಷ್ಟು ಕಾಲ ಹಿಡಿದಿದ್ದು ಯಾಕೆ? ಜೀವಿಗಳು ಬಿಡ್ತಾ ಇದ್ದರೆ ತುಂಬಬೇಕಿತ್ತಲ್ಲ?

ಹೆಬ್ಬಾಳದ ಹುಡುಗಿ

ಅದಕ್ಕೂ ಉತ್ತರ ಕಲ್ಲಿನ ಕಡೆಯಿಂದಲೇ ಬರುತ್ತೆ ಸರ್. ನನಗೆ ತುಂಬಾ ಇಷ್ಟವಾದ ವಿಷಯ ಇದು. ಮೀಥೇನ್ ತಯಾರಿಸುವ ಸೂಕ್ಷ್ಮಜೀವಿಗಳ ಮುಖ್ಯ ಕಿಣ್ವಕ್ಕೆ ನಿಕ್ಕಲ್ ಬೇಕು. ಮೀಥೇನ್ ಗಾಳಿಯಲ್ಲಿ ಆಮ್ಲಜನಕವನ್ನು ತಿಂದು ಹಾಕುತ್ತೆ. ಭೂಮಿಯ ಮ್ಯಾಂಟಲ್ ಈಗಿನದಕ್ಕಿಂತ ಬಿಸಿ ಇದ್ದಾಗ ಕೊಮಾಟೈಟ್ ಅನ್ನೋ ಲಾವಾ ಹೊರಬರುತ್ತಿತ್ತು, ಅದರಲ್ಲಿ ನಿಕ್ಕಲ್ ಹೆಚ್ಚು. ಸಮುದ್ರಕ್ಕೂ ನಿಕ್ಕಲ್ ಹೆಚ್ಚು ಸೇರುತ್ತಿತ್ತು. ಮ್ಯಾಂಟಲ್ ತಣ್ಣಗಾಗುತ್ತಾ ಬಂದಂತೆ ಅಂಥ ಲಾವಾ ಕಡಿಮೆಯಾಯಿತು. ಕರ್ಟ್ ಕಾನ್‌ಹೌಸರ್ ತಂಡ 2009ರಲ್ಲಿ ಪಟ್ಟೆಗಬ್ಬಿಣಗಳಲ್ಲಿರುವ ನಿಕ್ಕಲ್ ಅಳೆದು, ಸುಮಾರು 270 ಕೋಟಿ ವರ್ಷದ ಹಿಂದಿನಿಂದ ಸಮುದ್ರದ ನಿಕ್ಕಲ್ ಇಳಿಯುತ್ತಾ ಬಂತು ಅಂತ ತೋರಿಸಿತು. ಮೀಥೇನ್ ಮಾಡುವವುಗಳಿಗೆ ಆಹಾರ ಕಡಿಮೆಯಾಯಿತು, ಆಮ್ಲಜನಕಕ್ಕೆ ದಾರಿ ತೆರೆಯಿತು. ಇದೊಂದೇ ಕಾರಣ ಅಂತಲ್ಲ, ಜ್ವಾಲಾಮುಖಿಗಳ ಅನಿಲ ಬದಲಾದದ್ದೂ ಸೇರಿಕೊಂಡಿದೆ. ಆದರೆ ಭೂಮಿಯ ಒಡಲು ತಣಿದದ್ದು ನಾವು ಉಸಿರಾಡುವ ಗಾಳಿಗೆ ಸಂಬಂಧಪಟ್ಟದ್ದು ಅಂದರೆ ಎಷ್ಟು ದೊಡ್ಡ ವಿಷಯ ಯೋಚಿಸಿ.

ಶಿಲಾಶೋಧ

ಕೊಮಾಟೈಟ್ ನಮ್ಮಲ್ಲೂ ಇದೆ, ಚಿತ್ರದುರ್ಗ ಜಿಲ್ಲೆಯ ಘಟ್ಟಿಹೊಸಹಳ್ಳಿಯಲ್ಲಿ. 1500 ಡಿಗ್ರಿಗೂ ಮೇಲೆ ಕಾದಿದ್ದ ಲಾವಾ. ಹುಲ್ಲಿನ ಎಳೆಗಳಂತೆ ಉದ್ದುದ್ದ ಹರಳುಗಳು ಇರೋದರಿಂದ ಗುರುತು ಹಿಡಿಯಬಹುದು.

ಸೈಟ್ ಇಂಜಿನಿಯರ್

ಇಷ್ಟು ದಿನ ಸುಮ್ಮನೆ ಓದುವವನು, ಇವತ್ತು ಬರೆಯಲೇಬೇಕು ಅನಿಸಿತು. ವೈಟ್‌ಫೀಲ್ಡ್ ಹತ್ತಿರ ನಮ್ಮ ಕಟ್ಟಡಕ್ಕೆ ಎರಡು ಬೇಸ್‌ಮೆಂಟ್ ಅಗೆಯುತ್ತಿದ್ದೇವೆ. ಗುಂಡಿಯ ಗೋಡೆಯಲ್ಲಿ ಮೇಲೆ ಕೆಮ್ಮಣ್ಣು. ಅದರ ಕೆಳಗೆ ಹಳದಿ, ಬಿಳಿ ಮಿಶ್ರ ಗರಸು. ನೋಡಿದರೆ ಕಲ್ಲಿನ ಹಾಗೇ ಇದೆ, ನೀವು ಹೇಳಿದ ಪಟ್ಟೆಗಳೂ ಕಾಣುತ್ತವೆ, ಆದರೆ ಕೈಯಲ್ಲಿ ಹಿಡಿದು ಅಮುಕಿದರೆ ಪುಡಿ. ಅದೆಲ್ಲ ಜೆಸಿಬಿ ಬಕೆಟ್‌ಗೇ ಬರುತ್ತೆ. ಅದರ ಕೆಳಗೆ ಗಟ್ಟಿ ಬಂಡೆ, ಬ್ರೇಕರ್ ಹಾಕಿದರೂ ಸುಲಭಕ್ಕೆ ಬಿಡಲ್ಲ. ಒಂದೇ ಕಲ್ಲು ಹೀಗೆ ಮೂರು ಥರ ಆಗೋದಕ್ಕೂ ಈ ಜೀವದ ಕಥೆಗೂ ಸಂಬಂಧ ಇದೆಯಾ?

ಶಿಲಾಶೋಧ

ಇದೆ ಸರ್, ಬಹಳ ಇದೆ. ನಿಮ್ಮ ಗುಂಡಿಯ ಗೋಡೆಯಲ್ಲಿ ಎರಡು ಕೆಲಸ ಒಟ್ಟಿಗೆ ಕಾಣುತ್ತಿವೆ.

ಒಂದು ಬಿಳಿ ಪುಡಿ. ಮಳೆನೀರಿನಲ್ಲಿ ಕರಗಿದ ಇಂಗಾಲದ ಡೈಆಕ್ಸೈಡ್ ಫೆಲ್ಡ್‌ಸ್ಪಾರನ್ನು ನಿಧಾನಕ್ಕೆ ಜೇಡಿ ಮಾಡುತ್ತೆ. ಕರಗಿದ ಕ್ಯಾಲ್ಸಿಯಂ ಹೊಳೆ ಹಿಡಿದು ಸಮುದ್ರ ಸೇರಿ ಸುಣ್ಣದಕಲ್ಲಾಗುತ್ತೆ. ಗಾಳಿಯ ಇಂಗಾಲ ಹಾಗೆ ಕಲ್ಲೊಳಗೆ ಸೇರಿಹೋಗುತ್ತೆ. ಭೂಫಲಕಗಳು ಸಮುದ್ರತಳವನ್ನು ಆಳಕ್ಕೆ ಎಳೆದುಕೊಂಡು ಹೋದಾಗ, ಜ್ವಾಲಾಮುಖಿಗಳ ಮೂಲಕ ಅದು ಮತ್ತೆ ಗಾಳಿಗೆ ಬರುತ್ತೆ. ಬಿಸಿ ಹೆಚ್ಚಾದರೆ ಕಲ್ಲು ಬೇಗ ಸವೆದು ಅನಿಲ ಕಡಿಮೆಯಾಗುತ್ತೆ. ಚಳಿ ಹೆಚ್ಚಾದರೆ ಸವೆತ ನಿಂತು ಅನಿಲ ಕೂಡುತ್ತೆ. ಭೂಮಿ ಎಳೆಯದಾಗಿದ್ದಾಗ ಸೂರ್ಯನ ಬೆಳಕು ಈಗಿನದಕ್ಕಿಂತ ಸುಮಾರು 25ರಿಂದ 30 ಶೇಕಡಾ ಕಡಿಮೆ ಇತ್ತು. ಆದರೂ ಆಗ ಸಮುದ್ರ ಹೆಪ್ಪುಗಟ್ಟಿರಲಿಲ್ಲ, ಈಗ ಕುದಿಯುತ್ತಿಲ್ಲ. ಇಂಗಾಲದ ಈ ಸುತ್ತಾಟ ಅದಕ್ಕೆ ದೊಡ್ಡ ಕಾರಣ. ಇದೂ ಪೂರ್ತಿ ಕೈಕೊಟ್ಟ ಹಾಗೆ ಆದದ್ದುಂಟು, ಸುಮಾರು 72 ಕೋಟಿ ವರ್ಷದ ಹಿಂದೆ ಭೂಮಿ ಹೆಚ್ಚುಕಡಿಮೆ ಇಡೀ ಮಂಜು ಮುಚ್ಚಿತ್ತು. ಆಗಲೂ ಜ್ವಾಲಾಮುಖಿಗಳ ಅನಿಲ ಕೂಡಿಕೊಂಡು ಮತ್ತೆ ಬಿಸಿ ತಂದಿತು.

ಎರಡನೆಯದು ಮೇಲಿನ ಕೆಂಪು. ಕಪ್ಪು ಪಟ್ಟೆಯ ಬಯೊಟೈಟ್‌ನಲ್ಲಿರುವ ಕಬ್ಬಿಣ ಗಾಳಿಯ ಆಮ್ಲಜನಕಕ್ಕೆ ಸಿಕ್ಕಿ ತುಕ್ಕಾಗಿ ಅಲ್ಲೇ ನಿಂತುಬಿಟ್ಟಿದೆ. ಅದಕ್ಕೇ ಬೆಂಗಳೂರಿನ ಮಣ್ಣು ಕೆಂಪು. 240 ಕೋಟಿ ವರ್ಷಕ್ಕಿಂತ ಹಳೇ ಮಣ್ಣುಗಳು ಕಲ್ಲಾಗಿ ಉಳಿದಿರುವ ಕಡೆ ಪರೀಕ್ಷಿಸಿದರೆ ಮೇಲ್ಪದರದಲ್ಲಿ ಕಬ್ಬಿಣವೇ ಕಡಿಮೆ. ಆಮ್ಲಜನಕ ಇಲ್ಲದ ಕಾಲದಲ್ಲಿ ಮಳೆನೀರು ಕಬ್ಬಿಣವನ್ನು ಕರಗಿಸಿಕೊಂಡು ಹರಿದು ಹೋಗುತ್ತಿತ್ತು. ಅಂಥ ಕಾಲದಲ್ಲಿ ಇದೇ ನೈಸ್ ಸವೆದಿದ್ದರೆ ನಿಮ್ಮ ಗುಂಡಿಯಲ್ಲಿ ಕೆಂಪು ಮಣ್ಣು ಇರುತ್ತಿರಲಿಲ್ಲ.

ಕೆರೆಬದಿ

ಇದಕ್ಕೆ ಒಂದು ಸೇರಿಸುತ್ತೇನೆ. ನಾವೆಲ್ಲ ಕಲ್ಲು ಜೀವವನ್ನು ರೂಪಿಸಿತು ಅಂತಲೇ ಬರೆಯುತ್ತಿದ್ದೇವೆ. ತಿರುಗಿಸಿಯೂ ನೋಡಬೇಕು. ಖನಿಜಶಾಸ್ತ್ರಜ್ಞ ರಾಬರ್ಟ್ ಹೇಜನ್ ತಂಡ 2008ರಲ್ಲಿ ಹೇಳಿದ್ದು, ಭೂಮಿಯಲ್ಲಿ ಗೊತ್ತಿರುವ ಖನಿಜಗಳಲ್ಲಿ ಸುಮಾರು ಮೂರನೇ ಎರಡು ಭಾಗ ಜೀವದಿಂದ, ಅದರಲ್ಲೂ ಆಮ್ಲಜನಕದಿಂದ ಆದ ಬದಲಾವಣೆ ಇಲ್ಲದಿದ್ದರೆ ಇರುತ್ತಲೇ ಇರಲಿಲ್ಲ ಅಂತ. ತಾಮ್ರದ ಹಸಿರು ಅದಿರು ಮಲಾಕೈಟ್ ಅಂಥದ್ದೇ ಒಂದು.

ಗವಿಪುರದ ನಿವಾಸಿ

ಎಲ್ಲರಿಗೂ ಮನಸಾರೆ ಧನ್ಯವಾದ. ಇವನ್ನೆಲ್ಲ ಒಂದು ದಿನದಲ್ಲಿ ಹೋಗಿ ನೋಡಿ ಬರುವಂಥ ಜಾಗ ಬೆಂಗಳೂರಿನ ಹತ್ತಿರ ಯಾವುದಿದೆ?

ಶಿಲಾಶೋಧ

ಎಲ್ಲ ಒಂದೇ ಕಡೆ ಇಲ್ಲ ಸರ್. ಒಂದನ್ನೇ ಆರಿಸಬೇಕು ಅಂದರೆ ಚಿತ್ರದುರ್ಗ ಜಿಲ್ಲೆಯ ಮರಡಿಹಳ್ಳಿಗೆ ಹೋಗಿ. ಅಲ್ಲಿಯ ದಿಂಬು ಲಾವಾ ಕೂಡ ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ. ಲಾವಾ ನೀರೊಳಗೆ ಉಕ್ಕಿ, ಹೊರಮೈ ತಕ್ಷಣ ತಣಿದು ಉಂಡೆ ಉಂಡೆಯಾಗಿ ಒಂದರ ಮೇಲೊಂದು ಕೂತಿದೆ. ಆಗ ಅಲ್ಲಿ ನೀರು ಇತ್ತು ಅನ್ನೋದಕ್ಕೆ ಬೇರೆ ಪುರಾವೆ ಬೇಡ. ಒಂದೇ ವಿನಂತಿ: ಸುತ್ತಿಗೆ ಒಯ್ಯಬೇಡಿ, ಚೂರೂ ಕಿತ್ತು ತರಬೇಡಿ, ಫೋಟೋ ಸಾಕು. ಇಂಥ ಎಷ್ಟೋ ಬಂಡೆಗಳು ಜಲ್ಲಿ ಕ್ರಷರ್ ಪಾಲಾಗಿವೆ. ಸ್ಮಾರಕದ ಫಲಕ ಇರುವ ಕಡೆಯೂ ಜನ ಹೆಸರು ಕೆತ್ತುತ್ತಾರೆ, ಅದನ್ನು ಕಂಡಾಗ ಹೊಟ್ಟೆ ಉರಿಯುತ್ತೆ.

ಸೈಟ್ ಇಂಜಿನಿಯರ್

ಮರಡಿಹಳ್ಳಿಗೆ ಹೋಗೋಕೆ ಆಗದವರು ನಮ್ಮ ಗುಂಡಿಗೆ ಬರಬಹುದು. ಮಾಲೀಕರ ಹತ್ತಿರ ಕೇಳಿದೆ, ಭಾನುವಾರ ಕೆಲಸ ಇರಲ್ಲ, ಒಪ್ಪಿದ್ದಾರೆ. ಸೋಮವಾರದಿಂದ ಆ ಕಡೆಯ ಗೋಡೆಗೆ ಕಾಂಕ್ರೀಟ್ ಹಾಕುತ್ತೇವೆ, ಆಮೇಲೆ ಏನೂ ಕಾಣಲ್ಲ. ಹೆಲ್ಮೆಟ್ ನಾನು ಕೊಡುತ್ತೇನೆ, ಶೂ ಹಾಕಿಕೊಂಡು ಬನ್ನಿ. ಶಿಲಾಶೋಧ ಸರ್, ನೀವು ಬಂದರೆ ಕೆಂಪು ಎಲ್ಲಿ ಮುಗಿದು ಬಿಳಿ ಜೇಡಿ ಎಲ್ಲಿ ಶುರುವಾಗುತ್ತೆ ಅಂತ ನಮ್ಮ ಹುಡುಗರಿಗೂ ತೋರಿಸಿಕೊಡಿ.